ಕಿಲೋಮೀಟರಿಗೆ ಎಷ್ಟು ಬಿತ್ತು?

ಹೊಸ ಬೈಕ್ ತೆಗೆದುಕೊಳ್ಳಬೇಕೆಂದು ಹೊರಟವರು ಎರಡು ಮಾಡೆಲ್‌ಗಳನ್ನು ಎದುರುಬದುರು ನಿಲ್ಲಿಸಿ ಅಳೆಯುತ್ತಾರೆ. ಅದರ ಸಿಸಿ ಎಷ್ಟು, ಇದರ ಪಿಕಪ್ ಹೇಗೆ, ರೀಸೇಲ್ ಯಾವುದಕ್ಕೆ ಚೆನ್ನಾಗಿದೆ. ಈ ಸಾಲಿಗೆ ಮೂರನೆಯ ಬೈಕೊಂದನ್ನು ಸೇರಿಸಿಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಈಗಾಗಲೇ ನಿಮ್ಮ ಮನೆ ಮುಂದೆ ನಿಂತಿರುವ ಬೈಕ್. ಅದು ವರ್ಷಕ್ಕೆ ಎಷ್ಟು ತಿನ್ನುತ್ತಿದೆ ಎನ್ನುವುದು ಗೊತ್ತಿಲ್ಲದೆ ಹೊಸದು ದುಬಾರಿಯೋ ಅಗ್ಗವೋ ತೀರ್ಮಾನಿಸಲು ಬರುವುದಿಲ್ಲ.

ಆಗ ನನ್ನದು 2013ರ ಹೋಂಡಾ ಯೂನಿಕಾರ್ನ್, 150 ಸಿಸಿ. ಮನೆ ಮೈಸೂರಿನಲ್ಲಿ, ಕೆಲಸ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ. ಹೋಗಿಬರುವುದಕ್ಕೆ ದಿನಕ್ಕೆ ಸುಮಾರು 45 ಕಿಲೋಮೀಟರ್. ರಜೆ, ಮಳೆ, ಬಸ್ಸು ಹಿಡಿದ ದಿನಗಳನ್ನು ಕಳೆದು, ಊರೊಳಗಿನ ಸುತ್ತಾಟವನ್ನು ಕೂಡಿದರೆ ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರಿನ ಆಸುಪಾಸು. ಇಂಜಿನ್ ಇನ್ನೂ ಬಿಚ್ಚಿರಲಿಲ್ಲ. ಆದರೆ ಕ್ಲಚ್ ಪ್ಲೇಟ್ ಬದಲಾಯಿಸುವ ಕಾಲ ಬಂದಿತ್ತು, ಚೈನ್ ಸೆಟ್ ಸದ್ದು ಮಾಡುತ್ತಿತ್ತು. ಅದೇ ಹೊತ್ತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಮ್ಮ ಶಿಫ್ಟಿನ ಟೀ ಅಂಗಡಿಯಲ್ಲಿ ಅವತ್ತಿನಿಂದ ಬೈಕ್ ಬಿಟ್ಟು ಬೇರೆ ಮಾತಿಲ್ಲ. ಒಬ್ಬ ಗೆಳೆಯನಿಗೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೇಕು. ಇನ್ನೊಬ್ಬನ ಮನಸ್ಸು ಹಿಮಾಲಯನ್ 450ರ ಮೇಲೆ. ಸ್ಟೋರ್ಸ್‌ನ ಹುಡುಗ ಟ್ರಯಂಫ್ ಸ್ಪೀಡ್ 400 ಅನ್ನುತ್ತಾನೆ.

ಜಿಎಸ್‌ಟಿಯಿಂದಲೇ ಶುರುಮಾಡೋಣ, ಏಕೆಂದರೆ ಈಗ ಕೊಳ್ಳುವವರ ಲೆಕ್ಕವನ್ನು ಅದು ಎರಡಾಗಿ ಸೀಳಿದೆ. 350 ಸಿಸಿಯವರೆಗಿನ ಬೈಕುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವುಗಳ ಮೇಲೆ ಮೊದಲು ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ತೆರಿಗೆಗೆ ಮುಂಚಿನ ಬೆಲೆ ಒಂದೂವರೆ ಲಕ್ಷವಿರುವ 350 ಸಿಸಿ ಬೈಕ್ ಮೊದಲು 1,92,000 ರೂಪಾಯಿ, ಈಗ 1,77,000. ತೆರಿಗೆಗೆ ಮುಂಚೆ 2,20,000 ಇರುವ 450 ಸಿಸಿ ಬೈಕ್ ಮೊದಲು 2,88,200, ಈಗ 3,08,000. ನಮ್ಮ ರಾಜ್ಯದಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಲಕ್ಷ ದಾಟಿದ ಪೆಟ್ರೋಲ್ ಬೈಕಿಗೆ ಕರ್ನಾಟಕದ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಎರಡೂ ಸೇರಿ ಹೆಚ್ಚೂಕಡಿಮೆ ಶೇ 20. ಇದನ್ನು ಹಾಕುವುದು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. ಹಾಗಾಗಿ ಒಂದು ಕಡೆ ಹದಿನೆಂಟು ಸಾವಿರ ಇಳಿದು, ಇನ್ನೊಂದು ಕಡೆ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಏರಿ, ಎರಡು ವರ್ಗಗಳ ನಡುವಿನ ಅಂತರ ಸುಮಾರು ನಲವತ್ತೆರಡು ಸಾವಿರದಷ್ಟು ಹಿಗ್ಗಿದೆ. ಬೈಕುಗಳು ಮೊದಲಿನವೇ, ಹೋಲಿಕೆ ಮಾತ್ರ ಮೊದಲಿನದಲ್ಲ. ಹಳೆಯ ಬೆಲೆ ತಲೆಯಲ್ಲಿಟ್ಟುಕೊಂಡು ಶೋರೂಂಗೆ ಹೋಗಬೇಡಿ.

ವಿಮೆಯಲ್ಲೂ ಇಂಥ ಗಡಿಗಳಿವೆ, ಯಾರೂ ಹೇಳುವುದಿಲ್ಲ. ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ಗೊತ್ತುಮಾಡಿದ ದರದಂತೆ 75ರಿಂದ 150 ಸಿಸಿಯವರೆಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350ರವರೆಗೆ 1,366, ಅದರ ಮೇಲೆ 2,804. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. 2018ರ ಸೆಪ್ಟೆಂಬರಿನಿಂದ ಬಂದ ನಿಯಮ ಅದು. ಐದು ವರ್ಷಕ್ಕೆ ಈ ಮೂರು ವರ್ಗಗಳ ಕಂತು 3,851, 7,365 ಮತ್ತು 15,117 ರೂಪಾಯಿ, ಇದರ ಮೇಲೆ ಜಿಎಸ್‌ಟಿ. ನನ್ನ 150ರಿಂದ 160 ಸಿಸಿಗೆ ಹೋದರೆ ಇಂಜಿನ್ ಬೆಳೆಯುವುದು ಅಂಗುಲದಷ್ಟು, ವಿಮೆ ಮಾತ್ರ ದುಪ್ಪಟ್ಟು. ಆದರೆ 160ಕ್ಕೂ 350ಕ್ಕೂ ಒಂದೇ ದರ. 350 ದಾಟಿದ ಕೂಡಲೇ ಮತ್ತೆ ದುಪ್ಪಟ್ಟು.

ಇಷ್ಟನ್ನು ಟೀ ಅಂಗಡಿಯಲ್ಲಿ ಹೇಳಿದಾಗ ಎಲ್ಲರೂ ಒಪ್ಪಿದರು, ಆಮೇಲೆ ಮತ್ತೆ ಟಾರ್ಕ್‌ಗೆ ಹೋದರು. ಆಗ ನಾನು ಮಾಡಿದ್ದು ಒಂದು ಸರಳ ಲೆಕ್ಕ. ಪೆಟ್ರೋಲ್ ಬಂಕಿನ ಚೀಟಿ, ಮೆಕ್ಯಾನಿಕ್ ಬರೆದುಕೊಟ್ಟ ಕಾಗದ, ವಿಮೆಯ ರಸೀದಿ, ಇವನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಡುವ ಅಭ್ಯಾಸ ನನಗೆ ಅಪ್ಪನಿಂದ ಬಂದದ್ದು. ವರ್ಷದ್ದನ್ನು ಕೂಡಿ, ಓಡಿದ ದೂರದಿಂದ ಭಾಗಿಸಿದೆ. ಬೈಕ್ ಯಾವುದೇ ಇರಲಿ, ನಾಲ್ಕು ಖರ್ಚು ಸೇರಿಸಲೇಬೇಕು: ಪೆಟ್ರೋಲ್; ರಿಪೇರಿ, ಟೈರು ಮತ್ತು ವಿಮೆ; ವರ್ಷಕ್ಕೆ ಕರಗುವ ಬೆಲೆ; ಮತ್ತು ಬೈಕಿನಲ್ಲಿ ಹೂತಿರುವ ಹಣ ಬ್ಯಾಂಕಿನಲ್ಲಿದ್ದಿದ್ದರೆ ತರುತ್ತಿದ್ದ ಬಡ್ಡಿ. ಕೊನೆಯ ಎರಡು ಕೈಯಿಂದ ಎಣಿಸಿಕೊಡುವ ಖರ್ಚಲ್ಲವಾದ್ದರಿಂದ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಹೊಸ ಬೈಕಿನಲ್ಲಿ ದೊಡ್ಡ ಮೊತ್ತ ಹೋಗುವುದು ಆ ಎರಡರಲ್ಲೇ.

ಲೀಟರಿಗೆ ನೂರು ರೂಪಾಯಿ, ಬಡ್ಡಿ ಶೇ 7, ಐದು ವರ್ಷದ ಬಳಕೆ ಎಂದು ಇಟ್ಟುಕೊಂಡೆ. ನನ್ನ ಹಳೆಯ ಯೂನಿಕಾರ್ನ್‌ಗೆ ಪೇಟೆಯಲ್ಲಿ ಇಪ್ಪತ್ತೆಂಟು ಸಾವಿರ ಸಿಗುತ್ತದೆ, ಇನ್ನು ಐದು ವರ್ಷಕ್ಕೆ ಹದಿಮೂರಕ್ಕೆ ಇಳಿಯಬಹುದು. ವರ್ಷಕ್ಕೆ ಮೂರು ಸಾವಿರ ಕರಗಿತು. ಲೀಟರಿಗೆ ಐವತ್ತು ಕಿಲೋಮೀಟರ್ ಕೊಡುವುದರಿಂದ ಪೆಟ್ರೋಲಿಗೆ ಇಪ್ಪತ್ತನಾಲ್ಕು ಸಾವಿರ. ಕ್ಲಚ್, ಚೈನ್, ಟೈರು, ವಿಮೆ ಎಲ್ಲ ಹರಡಿ ನೋಡಿದರೆ ಹನ್ನೊಂದು. ಬಡ್ಡಿ ಎರಡು. ಒಟ್ಟು ನಲವತ್ತು ಸಾವಿರ, ಕಿಲೋಮೀಟರಿಗೆ ಮೂರು ರೂಪಾಯಿ ಮೂವತ್ತು ಪೈಸೆ.

ಹೊಸ 160 ಸಿಸಿ ಬೈಕ್ ಆನ್ ರೋಡ್ ಒಂದೂವರೆ ಲಕ್ಷದ ಮೇಲೆ ಬೀಳುತ್ತದೆ. ಐದು ವರ್ಷಕ್ಕೆ ಎಪ್ಪತ್ತು ಸಾವಿರಕ್ಕೆ ಮಾರಿದೆವು ಎಂದುಕೊಂಡರೆ ವರ್ಷಕ್ಕೆ ಹದಿನೇಳು ಸಾವಿರ ಕರಗುತ್ತದೆ. ಪೆಟ್ರೋಲ್ ಇಪ್ಪತ್ತೈದು, ಸರ್ವಿಸ್ ಮತ್ತು ವಿಮೆ ಎಂಟು, ಬಡ್ಡಿ ಹನ್ನೊಂದು. ಒಟ್ಟು ಅರವತ್ತೊಂದು ಸಾವಿರ, ಕಿಲೋಮೀಟರಿಗೆ ಐದು ರೂಪಾಯಿ. ಇದೇ ಕ್ರಮದಲ್ಲಿ 350 ಸಿಸಿ ಬೈಕ್ ಏಳು ರೂಪಾಯಿಯ ಹತ್ತಿರ ಬಂತು. ರೀಸೇಲ್ ಚೆನ್ನಾಗಿರುವುದು ಅದಕ್ಕೆ ಬಲ. ಆನ್ ರೋಡ್ ನಾಲ್ಕು ಲಕ್ಷದ ಹತ್ತಿರವಿರುವ 450 ಹತ್ತೂವರೆ ರೂಪಾಯಿಗೆ ನಿಂತಿತು. ಇವೆಲ್ಲ ನನ್ನ ಅಂದಾಜುಗಳು. ನಿಮ್ಮ ಊರು, ನಿಮ್ಮ ಕೈ, ನಿಮ್ಮ ಮೆಕ್ಯಾನಿಕ್ ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ, ಆದರೆ ಅವುಗಳ ನಡುವಿನ ಅನುಪಾತ ಹೆಚ್ಚು ಅಲ್ಲಾಡುವುದಿಲ್ಲ.

ಮೈಲೇಜ್ ಬಗ್ಗೆ ಒಂದು ಮಾತು. ಲೀಟರಿಗೆ ಅರವತ್ತು ಕೊಡುವ ಬೈಕಿಗೂ ಮೂವತ್ತೈದು ಕೊಡುವ ಬೈಕಿಗೂ ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಓಡಿಸುವವನಿಗೆ ಹದಿನಾಲ್ಕು ಸಾವಿರ ರೂಪಾಯಿಯ ವ್ಯತ್ಯಾಸ. ಐದು ವರ್ಷಕ್ಕೆ ಎಪ್ಪತ್ತು ಸಾವಿರ ದಾಟುತ್ತದೆ, ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕಿನ ಬೆಲೆ. ಅದೇ ವರ್ಷಕ್ಕೆ ಮೂರು ಸಾವಿರ ಓಡಿಸುವವನಿಗೆ ವ್ಯತ್ಯಾಸ ಮೂರೂವರೆ ಸಾವಿರ ಅಷ್ಟೇ. ಭಾನುವಾರಕ್ಕೆ ಮಾತ್ರ ಬೈಕ್ ತೆಗೆಯುವವರು ಮೈಲೇಜಿಗಾಗಿ ತಲೆ ಕೆಡಿಸಿಕೊಳ್ಳುವುದನ್ನೂ, ದಿನಾ ಐವತ್ತು ಕಿಲೋಮೀಟರ್ ಓಡಿಸುವವರು ಅದನ್ನು ಕೇಳದೆ ಬುಕ್ ಮಾಡುವುದನ್ನೂ ನಾನು ಸಮನಾಗಿ ನೋಡಿದ್ದೇನೆ.

ಆದರೆ ಭಾನುವಾರದ ಸವಾರರಿಗೆ ಬೇರೆ ಲೆಕ್ಕವಿದೆ. ನಾಲ್ಕು ಲಕ್ಷದ ಬೈಕನ್ನು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡಿಸಿದರೆ ಕರಗುವ ಬೆಲೆ, ಬಡ್ಡಿ, ವಿಮೆ ಯಾವುದೂ ಕಡಿಮೆಯಾಗುವುದಿಲ್ಲ. ಕಿಲೋಮೀಟರಿಗೆ ಮೂವತ್ತೊಂದು ರೂಪಾಯಿ ಬೀಳುತ್ತದೆ. ಸ್ಟೋರ್ಸ್‌ನ ಹುಡುಗನಿಗೆ ಇದನ್ನು ಬರೆದು ತೋರಿಸಿದೆ. ಅವನ ರೂಮು ಫ್ಯಾಕ್ಟರಿಯಿಂದ ನಡೆದು ಹೋಗುವಷ್ಟು ಹತ್ತಿರ. ಅವನಿಗೆ ಬೇಕಿರುವುದು ತಿಂಗಳಿಗೊಮ್ಮೆ ಗೋಪಾಲಸ್ವಾಮಿ ಬೆಟ್ಟ, ಒಮ್ಮೊಮ್ಮೆ ವಯನಾಡು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಬಾಡಿಗೆ ಬೈಕುಗಳು ಮೈಸೂರಿನಲ್ಲೇ ಸಿಗುತ್ತವೆ. ದಿನಕ್ಕೆ ಎರಡು ಸಾವಿರವೇ ಕೊಟ್ಟರೂ ತಿಂಗಳಿಗೊಂದು ದಿನದಂತೆ ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ, ಮೇಲೆ ಪೆಟ್ರೋಲ್. ಆ ನಾಲ್ಕು ಲಕ್ಷದ ಬೈಕನ್ನು ಸ್ವಂತಕ್ಕೆ ಇಟ್ಟುಕೊಂಡರೆ ವರ್ಷಕ್ಕೆ ತೊಂಬತ್ತು ಸಾವಿರ ದಾಟುತ್ತದೆ. ಇಪ್ಪತ್ತಾರರ ವಯಸ್ಸಿನಲ್ಲಿ ಆ ಉಳಿಕೆ ಹಣ ಏನೇನು ಮಾಡಬಲ್ಲದು! ಅವನು ಇನ್ನೂ ಯೋಚಿಸುತ್ತಿದ್ದಾನೆ. ಬೈಕ್ ಎನ್ನುವುದು ಮನೆ ಬಾಗಿಲಲ್ಲಿ ನಿಂತಿರಬೇಕು ಎನ್ನುವ ಆಸೆ ನನಗೂ ಅರ್ಥವಾಗುತ್ತದೆ. ಆ ಆಸೆಗೆ ಬೆಲೆ ಕೊಡಬಾರದೆಂದಲ್ಲ, ಕೊಡುತ್ತಿರುವುದು ಎಷ್ಟು ಎಂದು ತಿಳಿದು ಕೊಡಬೇಕು.

ಎಲ್ಲಿ ಓಡಿಸುತ್ತೇವೆ ಎನ್ನುವುದೂ ದುಡ್ಡಿನ ಪ್ರಶ್ನೆಯೇ. ದೊಡ್ಡ ಇಂಜಿನ್ ಬೇಕು ಎನ್ನುವವರು ಕೊಡುವ ಮೊದಲ ಕಾರಣ ಹೈವೇ. ನಮ್ಮ ಭಾಗದಲ್ಲಿ ಹೈವೇ ಅಂದರೆ ಬೆಂಗಳೂರು ರಸ್ತೆ. ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಆಟೊ, ಟ್ರ್ಯಾಕ್ಟರ್, ಕಬ್ಬಿನ ಗಾಡಿಗಳ ಜೊತೆ ಹೋಗಬೇಕು. ಅಲ್ಲಿ ನಲವತ್ತು ಎಚ್‌ಪಿ ಇರುವ ಬೈಕೂ ನನ್ನ ಯೂನಿಕಾರ್ನೂ ಮದ್ದೂರನ್ನು ಹೆಚ್ಚೂಕಡಿಮೆ ಒಟ್ಟಿಗೇ ತಲುಪುತ್ತವೆ. ನಂಜನಗೂಡು ರಸ್ತೆಯಲ್ಲಿ ನಾನು ಅರವತ್ತು ದಾಟುವ ಸಂದರ್ಭವೇ ಕಡಿಮೆ. ಅದರ ಮುಂದೆ ಗುಂಡ್ಲುಪೇಟೆ, ಆಮೇಲೆ ಬಂಡೀಪುರ. ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವಿಲ್ಲ, ಹಗಲು ವೇಗವಾಗಿ ಓಡಿಸುವ ಜಾಗವೂ ಅದಲ್ಲ.

ಬೈಕಿನ ಆಯುಸ್ಸು ಕಾರ್ಖಾನೆಯಲ್ಲಿ ಅರ್ಧ, ಮೆಕ್ಯಾನಿಕ್ ಕೈಯಲ್ಲಿ ಅರ್ಧ ನಿರ್ಧಾರವಾಗುತ್ತದೆ. ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಮೂರು ದಶಕ ಕಳೆದರೂ ಜಾವಾ, ಯೆಜ್ಡಿಗಳು ಊರೊಳಗೆ ಓಡುತ್ತಿವೆ. ಅವುಗಳ ಕಾಯಿಲೆ ಗೊತ್ತಿರುವ ಕೈಗಳು ಇಲ್ಲಿವೆ, ಬಿಡಿಭಾಗ ಹುಡುಕಿ ತರುವವರಿದ್ದಾರೆ. ನೀವು ಹೋಲಿಸುತ್ತಿರುವ ಬೈಕಿಗೆ ನಿಮ್ಮ ಬೀದಿಯ ಮೆಕ್ಯಾನಿಕ್ ಕೈ ಹಾಕುತ್ತಾನೋ ಇಲ್ಲವೋ ಕೇಳಿ ನೋಡಿ. ಈಗಿನ ದೊಡ್ಡ ಬೈಕುಗಳಲ್ಲಿ ಕೆಲವು ಸಮಸ್ಯೆಗೆ ಕಂಪನಿಯ ಕಂಪ್ಯೂಟರ್ ಸಿಕ್ಕಿಸಿಯೇ ನೋಡಬೇಕು. ಸರ್ವಿಸ್ ಸೆಂಟರ್ ಅರವತ್ತು ಕಿಲೋಮೀಟರ್ ದೂರದಲ್ಲಿದ್ದರೆ ಪ್ರತಿ ಸರ್ವಿಸಿಗೂ ಒಂದು ದಿನದ ಕೂಲಿ ಹೋಯಿತು. ಚಾಮರಾಜನಗರ, ಕೊಳ್ಳೇಗಾಲದ ಕಡೆಯ ಸಹೋದ್ಯೋಗಿಗಳು ಸ್ಪ್ಲೆಂಡರ್ ಬಿಟ್ಟು ಬೇರೆ ಕಡೆ ತಿರುಗಿಯೂ ನೋಡದಿರುವುದಕ್ಕೆ ಇದೇ ಕಾರಣ, ಅವರ ತೀರ್ಮಾನದಲ್ಲಿ ನನಗೆ ಗೌರವವಿದೆ.

ಸಾಲದ ವಿಷಯ. ಶೋರೂಂನ ಮೇಜಿನ ಮೇಲೆ "ಶೇ 10 ಫ್ಲ್ಯಾಟ್" ಎನ್ನುವ ಮಾತು ಬಂದಾಗ ಪೆನ್ನು ಕೆಳಗಿಡಿ. ಒಂದು ಲಕ್ಷದ ಇಪ್ಪತ್ತು ಸಾವಿರ ಸಾಲಕ್ಕೆ ಮೂರು ವರ್ಷಕ್ಕೆ ಶೇ 10 ಫ್ಲ್ಯಾಟ್ ಎಂದರೆ ಬಡ್ಡಿ ಮೂವತ್ತಾರು ಸಾವಿರ, ಕಂತು 4,333 ರೂಪಾಯಿ. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಹೋದರೂ ಕೊನೆಯ ಕಂತಿನವರೆಗೆ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕಿದ ಲೆಕ್ಕ ಅದು. ಬಾಕಿ ಇಳಿದಂತೆ ಬಡ್ಡಿ ಇಳಿಯುವ ಪದ್ಧತಿಗೆ ಪರಿವರ್ತಿಸಿದರೆ ಸುಮಾರು ಶೇ 18. ಅದೇ ಮೇಜಿನಲ್ಲಿ ಇನ್ನೊಬ್ಬರು ಬಾಕಿಯ ಮೇಲೆ ಶೇ 13 ಎಂದು ಹೇಳಿದರೆ ಹತ್ತಕ್ಕಿಂತ ಹದಿಮೂರು ಜಾಸ್ತಿ ಎಂದು ಕಿವಿ ಅನ್ನುತ್ತದೆ, ದುಡ್ಡು ಉಳಿಯುವುದು ಹದಿಮೂರರಲ್ಲಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಮುಖ್ಯಾಂಶಗಳ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿ ಒಂದೇ ಸಂಖ್ಯೆಯಾಗಿ ಇರುತ್ತದೆ. ಎರಡು ಸಾಲ ಹೋಲಿಸಲು ಆ ಒಂದು ಸಂಖ್ಯೆ ಸಾಕು. ಕೇಳಿ ಪಡೆಯಿರಿ.

ಹಾಗಾದರೆ ನನ್ನ ಲೆಕ್ಕ ಏನು ಹೇಳಿತು? ಕಿಲೋಮೀಟರಿಗೆ ಮೂರು ರೂಪಾಯಿ ಚಿಲ್ಲರೆಯ ಹಳೆಯ ಬೈಕನ್ನೇ ಇಟ್ಟುಕೋ ಎಂದಿತು. ನಾನು ಇಟ್ಟುಕೊಳ್ಳಲಿಲ್ಲ. ಕಾರಣ ಎಬಿಎಸ್, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಅದು 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ನನ್ನದು ಅದಕ್ಕಿಂತ ಹಳೆಯದು. ಮಳೆ ಬಿದ್ದ ರಸ್ತೆಯಲ್ಲಿ, ಲಾರಿಗಳ ನಡುವೆ, ಅಡ್ಡ ಬಂದ ನಾಯಿಗೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಬೈಕ್ ಜಾರುವುದು ಎಂಥದ್ದೆಂದು ದಿನಾ ಓಡಿಸುವ ಯಾರಿಗಾದರೂ ಗೊತ್ತು. ಹಳೆಯದಕ್ಕೂ 160ಕ್ಕೂ ನಡುವಿನ ವ್ಯತ್ಯಾಸ ವರ್ಷಕ್ಕೆ ಇಪ್ಪತ್ತೊಂದು ಸಾವಿರ, ತಿಂಗಳಿಗೆ 1,750. ಹೆಂಡತಿ ಜೊತೆ ಕೂತು ಮಾತಾಡಿದೆ. ಲಾಕ್ ಆಗದ ಚಕ್ರಕ್ಕೆ ಆ ಹಣ ಕೊಡಲು ಇಬ್ಬರಿಗೂ ಮನಸ್ಸಿತ್ತು. ಅದರ ಮೇಲೆ ತಿಂಗಳಿಗೆ ಇನ್ನೊಂದೆರಡು ಸಾವಿರ ಕೊಟ್ಟು 350ಕ್ಕೆ ಹೋಗಲು ಇರಲಿಲ್ಲ. ಕ್ಲಾಸಿಕ್ ನೂರತೊಂಬತ್ತೈದು ಕೆಜಿ ತೂಗುತ್ತದೆ, ನಮ್ಮ ಮನೆಯ ಇಳಿಜಾರಿನ ಗೇಟಿನಿಂದ ಅದನ್ನು ಹಿಂದಕ್ಕೆ ತಳ್ಳುವವನು ಪ್ರತಿ ಬೆಳಿಗ್ಗೆ ನಾನೇ.

ಎಲೆಕ್ಟ್ರಿಕ್ ಸ್ಕೂಟರನ್ನು ಯಾಕೆ ಬಿಟ್ಟಿರಿ ಎಂದು ನೀವು ಕೇಳಬಹುದು. ಬರೀ ಲೆಕ್ಕ ನೋಡಿದರೆ ನನ್ನಂಥ ದಿನಚರಿಗೆ ಅದೇ ಸರಿ. ಜಿಎಸ್‌ಟಿ ಶೇ 5. ನೂರು ಕಿಲೋಮೀಟರಿಗೆ ಮೂರು ಯೂನಿಟ್ ಎಂದು ಹಿಡಿದರೆ ತಿಂಗಳಿಗೆ ಮೂವತ್ತು ಯೂನಿಟ್, ಪೆಟ್ರೋಲಿಗೆ ಹೋಲಿಸಿದರೆ ಹತ್ತನೇ ಒಂದು ಭಾಗದ ಖರ್ಚು. ನಮ್ಮದು ಬಾಡಿಗೆ ಮನೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇಲ್ಲ, ಮಾಲೀಕರು ಒಪ್ಪಲಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿರುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು. ಉಚಿತ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚಿನವರೆಗೆ ಮಾತ್ರ. ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಸ್ಕೂಟರಿನ ಮೂವತ್ತು ಯೂನಿಟ್ ಕೆಲವು ಮನೆಗಳನ್ನು ಆ ಗೆರೆಯಿಂದಾಚೆ ತಳ್ಳುತ್ತದೆ. ಸ್ವಂತ ಮನೆ, ಸ್ವಂತ ಪ್ಲಗ್ ಇದ್ದವರು ಇವನ್ನೆಲ್ಲ ಕೂಡಿದ ಮೇಲೂ ಮೊದಲು ನೋಡಬೇಕಾದದ್ದು ಎಲೆಕ್ಟ್ರಿಕ್ಕನ್ನೇ ಎನ್ನುವುದು ನನ್ನ ಅಭಿಪ್ರಾಯ.

ಹಿಮಾಲಯನ್ ಬಯಸಿದ ಗೆಳೆಯ ಅದನ್ನೇ ತೆಗೆದುಕೊಂಡ, ಮತ್ತು ಅವನ ತೀರ್ಮಾನ ಸರಿ. ಅವನ ಮನೆ ಮಡಿಕೇರಿಯಿಂದ ಆಚೆ, ಟಾರು ಮುಗಿದ ಮೇಲೂ ಎಷ್ಟೋ ದೂರ ಕಲ್ಲುದಾರಿ. ವಾರ ಬಿಟ್ಟು ವಾರ ಊರಿಗೆ ಹೋಗುತ್ತಾನೆ, ಬೆನ್ನುನೋವಿದೆ, ಎತ್ತರದ ಸೀಟಿಗೆ ತಕ್ಕ ಕಾಲುಗಳಿವೆ. ಸಾಲವಿಲ್ಲದೆ ಕೊಂಡ. ಕಿಲೋಮೀಟರಿಗೆ ಹತ್ತು ರೂಪಾಯಿ ಅವನಿಗೆ ಆ ದಾರಿಯಲ್ಲಿ ವಸೂಲಾಗುತ್ತದೆ.

ಹಳೆಯದನ್ನು ಮಾರುವಾಗ ಎಕ್ಸ್‌ಚೇಂಜಿಗೆ ಒಂದು ಶೋರೂಂ ಹತ್ತೊಂಬತ್ತು ಸಾವಿರ ಹೇಳಿತು. ಸಿಂಗಲ್ ಓನರ್, ದಾಖಲೆ ಸರಿಯಾಗಿರುವ ಬೈಕ್ ನೇರವಾಗಿ ಇಪ್ಪತ್ತೆಂಟಕ್ಕೆ ಹೋಯಿತು. ಒಂದು ವಾರದ ಓಡಾಟಕ್ಕೆ ಒಂಬತ್ತು ಸಾವಿರ ಉಳಿಯಿತು. ಇನ್ನೆರಡು ಕಾಗದಗಳನ್ನು ಬಿಡಬೇಡಿ. ವರ್ಷಗಳಿಂದ ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಬೈಕಿನದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಶೇ 50. ಮಾರುವಾಗ ವಿಮಾ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಹೊಸ ಬೈಕಿನ ಸ್ವಂತ ಹಾನಿಯ ಕಂತಿನಲ್ಲಿ ಅಷ್ಟು ರಿಯಾಯಿತಿ ಸಿಗುತ್ತದೆ, ಪತ್ರಕ್ಕೆ ಮೂರು ವರ್ಷ ಆಯುಸ್ಸು. ಬೈಕ್ ದುಬಾರಿಯಾದಷ್ಟೂ ಈ ರಿಯಾಯಿತಿ ದೊಡ್ಡದು. ಎರಡನೆಯದು ಹೆಸರು ವರ್ಗಾವಣೆ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಂಡವರ ಕೈಗೆ ಕೊಟ್ಟು ಮರೆತುಬಿಡುವುದು ನಮ್ಮಲ್ಲಿ ರೂಢಿ. ಆದರೆ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡ ಹುಡುಗನನ್ನು ನಾನೇ ಆರ್‌ಟಿಒ ಕಚೇರಿಗೆ ಕರೆದುಕೊಂಡು ಹೋದೆ. ಪರಿವಹನ್ ತಾಣದಲ್ಲಿ ಆ ನಂಬರಿಗೆ ಅವನ ಹೆಸರು ಕಾಣುವವರೆಗೆ ಕಾಗದಗಳ ನಕಲನ್ನು ಡಬ್ಬಿಯಲ್ಲೇ ಇಟ್ಟುಕೊಂಡಿದ್ದೆ.